ಸಮಾರೋಪಕ್ಕೆ ಮೊದಲು

ಮೂರನೆಯ ವಾಕ್ಯಕ್ಕೆ ಅಧ್ಯಕ್ಷರ ನಿದ್ದೆ ಹಾರಿಹೋಯಿತು.

ಊಟದ ನಂತರದ ಗೋಷ್ಠಿಯಲ್ಲಿ ಹೀಗಾಗುವ ಪದ್ಧತಿಯಿಲ್ಲ. ಮಾನವಿಕ ವಿಭಾಗದ ಮೂರನೆಯ ಕೋಣೆ. ಎರಡೂ ಕಾಲು ಗಂಟೆ. ತಲೆಯ ಮೇಲೆ ಗೊಣಗುವ ಫ್ಯಾನು. ಬೆನ್ನ ಹಿಂದೆ ಬ್ಯಾನರು: ‘ಕಾವ್ಯ ಮತ್ತು ಕೇಳುಗ: ಎರಡು ದಿನಗಳ ವಿಚಾರ ಸಂಕಿರಣ’. ಎದುರಿಗೆ ಹನ್ನೊಂದು ಕೇಳುಗರು. ಅವರಲ್ಲಿ ಒಂಬತ್ತು ಮಂದಿ ಪ್ರಮಾಣಪತ್ರಕ್ಕೆ ಕಾಯುತ್ತಿದ್ದರು, ಒಬ್ಬರು ಫ್ಯಾನಿಗಾಗಿ ಬಂದಿದ್ದರು. ಹನ್ನೊಂದನೆಯವರು ನಿವೃತ್ತ ಅಧ್ಯಾಪಕರು. ಪ್ರತಿ ಗೋಷ್ಠಿಯಲ್ಲೂ ಎದ್ದು ‘ಇದು ಪ್ರಶ್ನೆಯಲ್ಲ, ಸಣ್ಣದೊಂದು ಟಿಪ್ಪಣಿ’ ಎಂದು ಇಪ್ಪತ್ತು ನಿಮಿಷ ಮಾತಾಡುವ ಅವರಿಗೆ ಟಿಪ್ಪಣಿ ಮೇಷ್ಟ್ರು ಎಂದೇ ಹೆಸರು.

“ವಾಚಕ ಉಸಿರಿಗಾಗಿ ನಿಲ್ಲುವ ಜಾಗದಲ್ಲಿ ಕಾವ್ಯ ನಿಲ್ಲುವುದಿಲ್ಲ. ಅಲ್ಲಿ ಅದು ಕೇಳುಗನ ಬಾಯಿಗೆ ದಾಟುತ್ತದೆ” ಎಂದು ಓದುತ್ತಿದ್ದಳು ಹುಡುಗಿ. ಸಂಶೋಧನಾ ವಿದ್ಯಾರ್ಥಿನಿ. ನಡುಕವೆಲ್ಲ ದನಿಯಲ್ಲಿತ್ತು, ಬರಹದಲ್ಲಿ ಇರಲಿಲ್ಲ.

ಅಧ್ಯಕ್ಷರು ಮೇಜಿನ ಕೆಳಗೆ ಕೈಚೀಲದ ಜಿಪ್ ಎಳೆದರು. ನಾಲ್ಕು ಗಂಟೆಗೆ ದೊಡ್ಡ ಸಭಾಂಗಣದಲ್ಲಿ, ಕುಲಪತಿಗಳ ಎದುರು, ಅವರು ಓದಬೇಕಿದ್ದ ಸಮಾರೋಪ ಭಾಷಣ ಅದರಲ್ಲಿತ್ತು. ಮೊದಲ ಪುಟ, ಮೂರನೆಯ ವಾಕ್ಯ. ಅಕ್ಷರಕ್ಕೆ ಅಕ್ಷರ ಅದೇ.

ಬರುವ ತಿಂಗಳು ಅವರ ನಿವೃತ್ತಿ. ಕಾವ್ಯಪೀಠದ ಗೌರವ ಪ್ರಾಧ್ಯಾಪಕ ಎಂಬ ಹೊಸ ಹುದ್ದೆಯೊಂದು ಹುಟ್ಟಲಿತ್ತು: ಇನ್ನೂ ಐದು ವರ್ಷ ಕೋಣೆ, ಕುರ್ಚಿ, ಬಾಗಿಲ ಮೇಲೆ ಹೆಸರು. ‘ಸಮಾರೋಪದಲ್ಲಿ ಏನಾದ್ರೂ ಹೊಸದು ಹೇಳಿ, ಆಮೇಲೆ ನೋಡೋಣ’ ಎಂದಿದ್ದರು ಕುಲಪತಿ. ಹೊಸದನ್ನು ಹೇಳಿ ಎಂದು ಆ ವಿಭಾಗದಲ್ಲಿ ಯಾರೂ ಯಾರನ್ನೂ ಕೇಳಿ ಎಷ್ಟೋ ವರ್ಷಗಳಾಗಿದ್ದವು. ಭಾಷಣ ಸಿದ್ಧವಾದಂದಿನಿಂದ ಆ ಹಾಳೆಗಳು ಬೀಗ ಹಾಕಿದ ಡ್ರಾಯರಿನಲ್ಲಿದ್ದವು. ಹೆಂಡತಿಗೂ ಅವರು ತೋರಿಸಿರಲಿಲ್ಲ.

ಈಗ ಅವು ಫ್ಯಾನಿನ ಗಾಳಿಯಲ್ಲಿ ಬಯಲಾಗುತ್ತಿದ್ದವು.

ಸಂಕಿರಣದ ಕಾರ್ಯದರ್ಶಿ ಪ್ರಮಾಣಪತ್ರಗಳ ಕಟ್ಟು ಹಿಡಿದು ಒಳಗೆ ಬಂದರು. ಅಧ್ಯಕ್ಷರು ಅವರ ತೋಳು ಹಿಡಿದು ಬಗ್ಗಿಸಿದರು.

“ಯಾರ್ರೀ ಇವಳು? ಪಟ್ಟಿಗೆ ಹೇಗ್ರೀ ಬಂದಳು?”

“ನೂರು ಪ್ರಬಂಧ ಆಗಲೇಬೇಕು ಅಂತ ಮೇಲಿಂದ ಆದೇಶ ಸಾರ್. ತೊಂಬತ್ತೊಂದಕ್ಕೆ ನಿಂತುಹೋಗಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿದ್ವಿ.”

“ಎಲ್ಲವನ್ನೂ?”

“ಎಲ್ಲವನ್ನೂ ಸಾರ್. ಹೇಗೂ ಯಾರೂ ಕೂತು ಕೇಳಲ್ವಲ್ಲ.”

ಅಧ್ಯಕ್ಷರ ಬೆರಳು ಗಂಟೆಯ ಮೇಲೆ ಬಿತ್ತು. ಟಣ್.

“ಸಮಯ ಆಯ್ತಮ್ಮಾ. ಸಾರಾಂಶ ಹೇಳಿ ಮುಗಿಸು.”

“ಸಾರ್, ಇನ್ನೂ ಐದೇ ನಿಮಿಷ...”

“ಓದ್ಲಿ ಬಿಡ್ರೀ!” ಎಂದರು ಟಿಪ್ಪಣಿ ಮೇಷ್ಟ್ರು. “ಬೆಳಗ್ಗೆಯಿಂದ ಕಿವಿ ತೂತಾಗಿದ್ದಷ್ಟೇ ಬಂತು, ಒಂದು ಮಾತೂ ಒಳಗೆ ಇಳಿದಿಲ್ಲ. ಈಗ ಇಳೀತಾ ಇದೆ. ನೀವು ಮಲ್ಕೊಳ್ಳಿ ಬೇಕಾದ್ರೆ.”

ಕೋಣೆ ನಕ್ಕಿತು. ಆಮೇಲೆ ಆ ವಿಭಾಗದ ಚರಿತ್ರೆಯಲ್ಲೇ ಕಾಣದ ಸಂಗತಿ ನಡೆಯಿತು. ಜನ ಮೊಬೈಲುಗಳನ್ನು ಮಗುಚಿಟ್ಟು ಕೇಳತೊಡಗಿದರು.

“ನಮ್ಮಜ್ಜನಿಗೆ ಕಣ್ಣು ಕಾಣುತ್ತಿರಲಿಲ್ಲ” ಎಂದು ಹುಡುಗಿ ಮುಂದುವರಿಸಿದಳು. “ಓದುವವರು ನಿಂತ ಕಡೆ ಅವರು ‘ಹ್ಞೂಂ’ ಅನ್ನುತ್ತಿದ್ದರು. ಒಂದು ದಿನ ಅಜ್ಜನಿಗೆ ಗಂಟಲು ಕಟ್ಟಿತ್ತು. ಅಂದು ಓದುವವರು ಎರಡು ಸಲ ಪದ್ಯ ತಪ್ಪಿದರು. ಅಜ್ಜ ಬರೀ ಕೇಳುತ್ತಿದ್ದಾರೆ ಎಂದುಕೊಂಡಿದ್ದೆವು. ಅಷ್ಟು ವರ್ಷ ಪದ್ಯವನ್ನು ಅವರೂ ಹೊತ್ತಿದ್ದರು.”

ಅಧ್ಯಕ್ಷರು ಏಳನೆಯ ಪುಟ ತಿರುವಿದರು. ಅಲ್ಲೂ ಆ ಕುರುಡು ಮುದುಕ ಕೂತು ‘ಹ್ಞೂಂ’ ಅನ್ನುತ್ತಿದ್ದ, ‘ನನಗೆ ಪರಿಚಯವಿದ್ದ ಒಬ್ಬ ಹಿರಿಯರು’ ಎಂಬ ರೂಪದಲ್ಲಿ. ಇವಳ ಬಾಯಲ್ಲಿ ಆತ ಸ್ವಂತ ಅಜ್ಜನೇ ಆಗಿಬಿಟ್ಟಿದ್ದ. ಎದೆಗಾರಿಕೆಗೂ ಒಂದು ಮಿತಿ ಬೇಡವೇ!

ಕೊನೆಯ ಸಾಲು ಮುಗಿಯಿತು. ಚಪ್ಪಾಳೆ ಬಿತ್ತು. ಫ್ಯಾನಿಗಾಗಿ ಬಂದಿದ್ದವರೂ ತಟ್ಟಿದರು.

ಅಧ್ಯಕ್ಷರು ಗಡಿಯಾರ ನೋಡಿದರು. ಮೂರಕ್ಕೆ ಹತ್ತು ನಿಮಿಷ. ಈ ಹನ್ನೊಂದು ಜನ ನಾಲ್ಕಕ್ಕೆ ಸಭಾಂಗಣದಲ್ಲಿ ಕೂತಿರುತ್ತಾರೆ, ಕುಲಪತಿಗಳ ಹಿಂದಿನ ಸಾಲಿನಲ್ಲೇ. ಹುಡುಗಿಯ ಮೇಲೆ ಕಳ್ಳಿ ಎಂಬ ಮುದ್ರೆ ಈಗಲೇ ಬಿದ್ದರೆ ಭಾಷಣ ಉಳಿದೀತು, ಐದು ವರ್ಷದ ಕುರ್ಚಿಯೂ ಉಳಿದೀತು. ಅವರು ಗಂಟಲು ಸರಿಮಾಡಿಕೊಂಡರು.

“ನೋಡಮ್ಮಾ, ಇದೇ ಮಾತುಗಳನ್ನ ನಾನು ಈಗಾಗಲೇ ಬೇರೊಬ್ಬರ ಬರಹದಲ್ಲಿ ಓದಿದ್ದೇನೆ. ಇಲ್ಲಿ ಕೂತವರು ದಡ್ಡರಲ್ಲ. ನಿನಗೆ ಇದೆಲ್ಲ ಎಲ್ಲಿ ಸಿಕ್ತು?”

ಹುಡುಗಿ ಹಾಳೆಗಳನ್ನು ಎದೆಗವಚಿಕೊಂಡಳು.

“ಬೇರೆ ಕಡೆ ಇದು ಇರೋಕೆ ಸಾಧ್ಯವೇ ಇಲ್ಲ ಸಾರ್. ಮನೇಲಿ ಕೂತು ಎರಡು ವರ್ಷ ಬರೆದಿದ್ದು. ಇಲ್ಲಿಗೆ ಬಿಟ್ಟು ಇನ್ನೆಲ್ಲಿಗೂ ಕಳಿಸಿಲ್ಲ.”

“ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ದೆ ತಾಯೀ?” ಎಂದರು ಟಿಪ್ಪಣಿ ಮೇಷ್ಟ್ರು. ಅವರ ಬದುಕಿನ ಮೊದಲ ಪ್ರಶ್ನೆ ಅದು.

“ಮುಚ್ಚಿಡಲಿಲ್ಲ ಸಾರ್. ಮೂರು ತಿಂಗಳ ಹಿಂದೆಯೇ ಕಳಿಸಿದ್ದೆ. ಬರೆದವರ ಹೆಸರು ತೆಗೆದು ಯಾರೋ ಒಬ್ಬ ಹಿರಿಯರ ಹತ್ತಿರ ಓದಿಸ್ತಾರಂತೆ. ನಾವು ಯಾರು ಅಂತ ಅವರಿಗೆ ಗೊತ್ತಾಗಲ್ಲ, ಅವರು ಯಾರು ಅಂತ ನಮಗೂ ಗೊತ್ತಾಗಲ್ಲ. ಅವರು ಬೇಡ ಅಂದ್ರು. ಮೊನ್ನೆ ನೂರು ತುಂಬಲಿಲ್ಲ ಅಂತ ಇವರೇ ಫೋನ್ ಮಾಡಿ ಕರೆದ್ರು.”

ಕಾರ್ಯದರ್ಶಿ ತಲೆ ಎತ್ತದೆ ಪ್ರಮಾಣಪತ್ರಗಳನ್ನು ಇನ್ನೊಮ್ಮೆ ಜೋಡಿಸತೊಡಗಿದರು.

“ಬೇಡ ಅಂದ್ರಾ? ಇದನ್ನ? ಏನಂತ ಬರೆದಿದ್ದ ಆ ಪುಣ್ಯಾತ್ಮ?” ಎಂದರು ಮೇಷ್ಟ್ರು.

ಹುಡುಗಿ ಚೀಟಿ ಹುಡುಕಲಿಲ್ಲ. ಆ ಮಾತು ಅವಳಿಗೆ ಬಾಯಿಪಾಠವಾಗಿತ್ತು.

“‘ಇದರಲ್ಲಿ ಹೊಸದೇನೂ ಇಲ್ಲ, ಯಾರ ಎದುರೂ ಓದಲು ಯೋಗ್ಯವಲ್ಲ.’ ಅಷ್ಟೇ ಸಾರ್, ಒಂದೇ ಸಾಲು.”

ಆ ಮಧ್ಯಾಹ್ನ ಆ ಕೋಣೆಯಲ್ಲಿ ಕೇಳಿಬಂದದ್ದರಲ್ಲಿ ಅಧ್ಯಕ್ಷರು ಸ್ವಂತ ಕೈಯಾರೆ ಬರೆದಿದ್ದ ಸಾಲು ಅದೊಂದೇ.