ಕೊಕ್ಕರೆಯ ಇನ್ನೊಂದು ಕಾಲು

"ಈ ಕೊಕ್ಕರೆಗೆ ಇನ್ನೊಂದು ಕಾಲು ಹೊಲಿದುಕೊಡಬೇಕಮ್ಮಾ, ಸಂಜೆಯೊಳಗೆ," ಎಂದು ಫುಟ್‌ಬಾಲ್ ಕ್ಲಬ್ಬಿನ ಪ್ರಚಾರಾಧಿಕಾರಿ ಹಳೆಯ ಜೆರ್ಸಿಯೊಂದನ್ನು ಹೊಲಿಗೆ ಯಂತ್ರದ ಮೇಲೆ ಹರಡಿದ. ಗಂಡನ ಹಳೆಯ ಊರುಗೋಲಿನಿಂದ ಮೇಲಿನ ಸಾಲಿನ ಅಂಗಿಯೊಂದನ್ನು ಇಳಿಸುತ್ತಿದ್ದ ಟೈಲರಮ್ಮ, ಕೋಲನ್ನು ಮೂಲೆಗೆ ಒರಗಿಸಿ ಕನ್ನಡಕ ಏರಿಸಿದಳು. ಮಾಸಿದ ನೀಲಿ ಬಟ್ಟೆ. ಎದೆಯ ಮೇಲೆ ಒಂಟಿ ಕಾಲಲ್ಲಿ ನಿಂತ ಬಿಳಿ ದಾರದ ಕೊಕ್ಕರೆ. ನಲವತ್ತೈದು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಕೂತು ಅದರ ಒಂದೊಂದು ಗರಿಯನ್ನೂ ಕೈಯಲ್ಲೇ ಹೊಲಿದವಳು ಅವಳು. ಬಂದವನಿಗೆ ಅದೇನೂ ಗೊತ್ತಿರಲಿಲ್ಲ. ಕೈಕಸೂತಿ ಮಾಡುವ ಅಂಗಡಿ ಇದೊಂದೇ ಉಳಿದಿದೆ ಎಂದು ಯಾರೋ ಹೇಳಿದ್ದರು, ಬಂದಿದ್ದ.

"ಇದ್ದಕ್ಕಿದ್ದ ಹಾಗೆ ಕಾಲು ಯಾಕಪ್ಪಾ?"

"ನಾಳೆ ನಮ್ಮ ಕ್ಲಬ್ಬಿನ ಮ್ಯೂಸಿಯಂ ಉದ್ಘಾಟನೆ. ಹೊಸ ಲೋಗೋನೂ ನಾಳೆನೇ ಬಿಡುಗಡೆ. ಅದರಲ್ಲಿ ಕೊಕ್ಕರೆ ಎರಡೂ ಕಾಲಲ್ಲಿ ಓಡ್ತಾ ಇದೆ. ಈ ಒಂಟಿಕಾಲು ನೋಡಿ ಎದುರು ತಂಡದೋರು 'ಗೋಲು ಹೊಡೆಯೋದು ಬಿಟ್ಟು ಬಕಧ್ಯಾನ ಮಾಡ್ತಾರೆ' ಅಂತ ಆಡ್ಕೋತಾರಮ್ಮ. ಹೊಸದರ ಪಕ್ಕದಲ್ಲೇ ಈ ಕುಂಟು ಕೊಕ್ಕರೆ ಇಟ್ರೆ ಚೆನ್ನಾಗಿರುತ್ತಾ, ನೀವೇ ಹೇಳಿ."

ಕುಂಟು ಎಂಬ ಮಾತು ಅವಳಿಗೆ ಸೂಜಿಯ ಹಾಗೆ ಚುಚ್ಚಿತು. ಅವನೋ ಉತ್ಸಾಹದಲ್ಲಿ ಚೀಲದಿಂದ ಹೊಳೆಯುವ ಪುಸ್ತಕವೊಂದನ್ನು ತೆಗೆದು, ಲಾಂಛನದ ಇತಿಹಾಸದ ಪುಟ ತೆರೆದು ಗಟ್ಟಿಯಾಗಿ ಓದಿಯೇಬಿಟ್ಟ: "'ಅಂದಿನ ದರ್ಜಿಯ ಅಜಾಗರೂಕತೆಯಿಂದ ಕೊಕ್ಕರೆಯ ಒಂದು ಕಾಲು ಬಿಟ್ಟುಹೋಯಿತು. ಮುಂದೆ ಅದೇ ರೂಢಿಯಾಯಿತು.'"

ಟೈಲರಮ್ಮನಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಅವಳು ಹೊಲಿದ ಅಂಗಿಯಲ್ಲಿ ಒಂದು ಗುಂಡಿ ತಪ್ಪಿದ್ದನ್ನು ಆ ಬೀದಿಯಲ್ಲಿ ಕಂಡವರಿರಲಿಲ್ಲ. "ಆ ದರ್ಜಿ ನಾನೇ ಕಣಪ್ಪಾ," ಎಂದವಳೇ ಜೆರ್ಸಿಯನ್ನು ಒಳಹೊರಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ಕಾಲಿರಬೇಕಾದ ಜಾಗದಲ್ಲಿ ಸೂಜಿಯ ಸಣ್ಣ ಸಣ್ಣ ತೂತುಗಳ ಸಾಲು. "ನೋಡು. ಬಿಟ್ಟುಹೋದ ಕಡೆ ತೂತು ಇರುತ್ತಾ? ಇದು ಹೊಲಿದು ಆಮೇಲೆ ಬಿಚ್ಚಿದ್ದು. ಬಿಚ್ಚಿದವಳೂ ನಾನೇ."

ನಿಂತಲ್ಲೇ ಅವನಿಗೆ ಎಲ್ಲವನ್ನೂ ಹೇಳಿದಳು. ಆಗ ಈ ಕ್ಲಬ್ಬು ಊರಿನ ಬಟ್ಟೆ ಮಿಲ್ಲಿನ ತಂಡ. ಆಟಗಾರರು ಪಾಳಿ ಮುಗಿಸಿ, ಮೈತುಂಬ ಹತ್ತಿಯ ಧೂಳು ಮೆತ್ತಿಕೊಂಡೇ ಮೈದಾನಕ್ಕೆ ಓಡುತ್ತಿದ್ದರು. "ಬಂದವು ನೋಡ್ರೋ ಕೊಕ್ಕರೆಗಳು," ಎಂದು ಜನ ನಗುತ್ತಿದ್ದರು. ನಕ್ಕವರ ಎದುರಿಗೇ ಕೊಕ್ಕರೆಯನ್ನು ಎದೆಯ ಮೇಲೆ ಹಾಕಿಕೊಳ್ಳೋಣ ಎಂದವನು ತಂಡದ ನಾಯಕ, ಅವಳ ಗಂಡ. ಮೂರನೆಯ ವರ್ಷ ಮಿಲ್ಲಿನ ಯಂತ್ರದ ಬೆಲ್ಟು ಅವನ ಬಲಗಾಲನ್ನು ಎಳೆದುಕೊಂಡಿತು. ಬೆಲ್ಟಿಗೆ ತಗಡಿನ ಮುಚ್ಚಳ ಹಾಕಿಸಿ ಎಂದು ಮೂರು ಸಲ ಅರ್ಜಿ ಕೊಟ್ಟಿದ್ದವನೂ ಅವನೇ. ಆಫೀಸಿನವರು, ಆಟದ ದಣಿವಿನಿಂದ ಎಡವಿದ್ದಾನೆ, ತಪ್ಪು ಅವನದೇ ಎಂದು ಬರೆದು ಕೆಲಸದಿಂದ ತೆಗೆದರು. ಮುಂದಿನ ಪಂದ್ಯದ ಬೆಳಿಗ್ಗೆ ಉಳಿದ ಹತ್ತೂ ಜನ ಜೆರ್ಸಿ ಹಿಡಿದು ಇದೇ ಬಾಗಿಲಿಗೆ ಬಂದರು. "ಅತ್ತಿಗೆ, ನಮ್ಮ ಕೊಕ್ಕರೇದೂ ಒಂದು ಕಾಲು ಬಿಚ್ಚಿಬಿಡಿ. ಮಾಲೀಕರು ಮುಂದಿನ ಸಾಲಲ್ಲಿ ಕೂತಿರ್ತಾರೆ, ಕಣ್ತುಂಬ ನೋಡಲಿ," ಎಂದರು. ಆಮೇಲೆ ಮಿಲ್ಲು ಮುಚ್ಚಿತು, ತಂಡ ಉಳಿಯಿತು. ಆ ಕಾಲು ಮಾತ್ರ ಯಾವ ಜೆರ್ಸಿಗೂ ಮರಳಲಿಲ್ಲ.

"ಬಕಧ್ಯಾನ ಮಾಡಿದ್ದು ನಮ್ಮ ಕೊಕ್ಕರೆ ಅಲ್ಲ ಕಣಪ್ಪಾ, ಆ ಮಿಲ್ಲಿನ ಆಫೀಸು," ಎಂದಳು ಟೈಲರಮ್ಮ. "ಕಾಲು ಕಿತ್ಕೊಂಡು, ಅದರ ಬದಲಿಗೆ ನಮ್ಮ ಯಜಮಾನ್ರ ಕೈಗೆ ಏನು ಕೊಟ್ಟು ಕಳಿಸಿದ್ರು ಗೊತ್ತಾ?"

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. "ಬಂದೆ ಸಾರ್, ಇಲ್ಲೇ ಇದೀನಿ," ಎಂದು ಅದನ್ನು ಜೇಬಿಗೆ ಹಾಕಿಕೊಂಡು, ಅವಳ ಪ್ರಶ್ನೆಯನ್ನು ಅಲ್ಲೇ ಬಿಟ್ಟ. "ಅಮ್ಮಾ, ನೀವು ಹೇಳೋದು ನಿಜಾನೇ ಇರಬಹುದು. ಆದ್ರೆ ನಾಳೆ ರಿಬ್ಬನ್ ಕತ್ತರಿಸೋರು ಆ ಮಾಲೀಕರ ಮೊಮ್ಮಗ. ಪುಸ್ತಕ ಎರಡು ಸಾವಿರ ಅಚ್ಚಾಗಿ ಬಂದಿದೆ. ಆ ಹಳೇ ಪುರಾಣ ಈಗ ಯಾರಿಗೆ ಬೇಕು ಹೇಳಿ? ನೀವೊಂದು ಕಾಲು ಹೊಲಿದುಕೊಡಿ, ಸಾಕು."

ಟೈಲರಮ್ಮ ಅವನ ಮುಖವನ್ನೇ ನೋಡಿದಳು. "ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ನಲವತ್ತು ವರ್ಷ ದಾಟಿದ ಮೇಲೆ ಕಾಲು ಕೊಡೋಕೆ ಬಂದಿದೀಯ. ಆಗಲಿ, ಸಂಜೆ ಬಾ."

ಅವನು ಹೋದ ಮೇಲೆ ಕೈಗೆತ್ತಿಕೊಂಡಿದ್ದ ಕೆಲಸವನ್ನೆಲ್ಲ ಪಕ್ಕಕ್ಕೆ ಸರಿಸಿದಳು. ದಾರದ ಡಬ್ಬಿಯನ್ನು ತಡಕಾಡಿ ಕಂದು ಬಣ್ಣದ ಉಂಡೆ ಹುಡುಕಿದಳು. ಊಟಕ್ಕೂ ಏಳಲಿಲ್ಲ.

ಸಂಜೆ ಅವನು ಬಂದಾಗ ಜೆರ್ಸಿ ಇಸ್ತ್ರಿಯಾಗಿ, ಮಡಚಿ ಕೂತಿತ್ತು. ಅವನು ಅದನ್ನು ಬಿಡಿಸಿ ಬೆಳಕಿಗೆ ಹಿಡಿದ. ಕೊಕ್ಕರೆಯ ರೆಕ್ಕೆಯ ಕೆಳಗಿಂದ ನೆಲದವರೆಗೆ ಕಂದು ದಾರದ ನೇರ ಗೆರೆ, ನೆತ್ತಿಯಲ್ಲಿ ಕಂಕುಳಿಗೆ ಕೊಡುವ ಅಡ್ಡಪಟ್ಟಿ, ಬುಡಕ್ಕೆ ಕರಿ ದಾರದಲ್ಲಿ ರಬ್ಬರಿನ ತುದಿ.

"ಏನಮ್ಮಾ ಇದು! ಕಾಲು ಹೊಲೀರಿ ಅಂದ್ರೆ ಊರುಗೋಲು ಹೊಲಿದಿದೀರಲ್ಲ!"

ಟೈಲರಮ್ಮ ಸೂಜಿಯನ್ನು ಮೆತ್ತೆಗೆ ಚುಚ್ಚಿಟ್ಟು ಮೂಲೆಯತ್ತ ಕೈ ತೋರಿಸಿದಳು.

"ಮಿಲ್ಲಿನೋರು ಕೊಟ್ಟ ಕಾಲು ಅದೇ ಕಣಪ್ಪಾ. ಮೊಮ್ಮಗನಿಗೆ ಹೇಳು, ಈ ಸಲ ದರ್ಜಿ ಏನೂ ಬಿಟ್ಟಿಲ್ಲ ಅಂತ."