ಫೋಟೋದ ಮೂಲೆಯ ಗಾಡಿ

ವಸಂತಮ್ಮ ಎರಡು ಬೆರಳಲ್ಲಿ ಫೋಟೋವನ್ನು ಹಿಗ್ಗಿಸಿದರು. ಕಾಂಪೌಂಡಿನ ಮೇಲೆ ಮಲಗಿದ್ದ ಬೆಕ್ಕು ಮೇಲಕ್ಕೆ ಹೋಯಿತು. ಹೊಂಗೆಯ ಚಿಗುರು ಪಕ್ಕಕ್ಕೆ ಸರಿಯಿತು. ಉಳಿದದ್ದು ಮೂಲೆಯಲ್ಲಿ ಒಂದು ಬಿಳಿ ಗಾಡಿಯ ಬೆನ್ನು, ಅದರ ನೆತ್ತಿಯ ಮೇಲೆ ಹಸಿರು ನೀರಿನ ಟ್ಯಾಂಕು.

ಆ ಟ್ಯಾಂಕು ಅವರಿಗೆ ಗೊತ್ತು. ತಮ್ಮ ಯೋಗೇಂದ್ರ ಹಳೇ ಟೆಂಪೋ ಟ್ರಾವೆಲರ್ ಕೊಂಡು, ಒಳಗೆ ಮಂಚ, ಒಲೆ, ಸಿಂಕು ಕೂರಿಸಿ, ಮನೆಗಾಡಿ ಎಂದು ಹೆಸರಿಟ್ಟು ಊರೂರು ಸುತ್ತುತ್ತಿದ್ದ. ತಿಂದ ಇಡ್ಲಿ, ಒಣಹಾಕಿದ ಟವೆಲ್ಲು, ಟೈರಿನ ನೆರಳಲ್ಲಿ ಮಲಗಿದ ನಾಯಿ, ಎಲ್ಲದರ ಫೋಟೋ ಮನೆಯವರ ವಾಟ್ಸಾಪ್ ಗ್ರೂಪಿಗೆ ಬೀಳಬೇಕು. ಲೆಕ್ಕದ ಪ್ರಕಾರ ಅವನೀಗ ಗೋಕರ್ಣದಲ್ಲಿರಬೇಕು. ನಿನ್ನೆ ತಾನೇ ಕಡಲ ಮೊರೆತದ ವಾಯ್ಸ್ ಮೆಸೇಜ್ ಕಳಿಸಿದ್ದ.

ವಸಂತಮ್ಮ ಅದನ್ನು ಮತ್ತೆ ಹಾಕಿದರು. ಅಲೆ ಬಂತು, ಅಲೆ ಹೋಯಿತು. ನಾಲ್ಕನೇ ಅಲೆಯ ಹಿಂದಿನಿಂದ ಸಣ್ಣಗೆ ಒಂದು ಕೂಗು: "ದಂಟಿನ ಸೊಪ್ಪೇ, ಕೀರೇ ಸೊಪ್ಪೇ..." ವಿದ್ಯಾರಣ್ಯಪುರಂನಲ್ಲಿ ದಿನಾ ಇವರ ಮನೆ ಮುಂದೆ ಹಾಯುವ ಸೊಪ್ಪಿನ ಶಿವನಂಜಮ್ಮನ ಗಂಟಲು. ಕೋಳಿಯಿಂದ ಕುಕ್ಕರ್‌ವರೆಗೆ ಯಾವ ದನಿಯನ್ನೂ ಬಿಡದೆ ಮಿಮಿಕ್ರಿ ಮಾಡುವ ತಮ್ಮನಿಗೆ ಸಮುದ್ರ ಯಾವ ಮಹಾ?

ತಮ್ಮ ಸುಳ್ಳು ಹೇಳಿದ್ದು ದೊಡ್ಡದಲ್ಲ. ಆ ಬೆಕ್ಕಿನ ಫೋಟೋ ಕಳಿಸಿದ್ದು ಗಂಡ ಚೆಲುವರಾಜು. ಚೆಲುವರಾಜು ಹರಕೆಯಲ್ಲಿದ್ದರು.

ವಸಂತಮ್ಮನ ಮಂಡಿ ಆಪರೇಷನ್ ನಡೆದ ದಿನ ಅವರು ಆಸ್ಪತ್ರೆಯಲ್ಲಿದ್ದ ಚಾಮುಂಡಿಯ ಪಟದ ಮುಂದೆ ಕಣ್ಣು ಮುಚ್ಚಿ ತುಟಿ ಆಡಿಸಿದ್ದರು. ಆಮೇಲೆ ಹೇಳಿದ್ದಿಷ್ಟೇ: ಇಪ್ಪತ್ತೊಂದು ದಿನದ ಹರಕೆ, ಮನೆಯಿಂದ ಚಾಮುಂಡಿ ಬೆಟ್ಟದ ಪಾದಕ್ಕೆ ಕಾಲ್ನಡಿಗೆ. ಎರಡು ತಿಂಗಳು ಕಳೆದ ಮೇಲೆ ಹರಕೆ ಶುರುಮಾಡಿ, ದಿನಾ ಬೆಳಗ್ಗೆ ಆರಕ್ಕೆ ಹೊರಟು, ದಾರಿಯಲ್ಲಿ ಕಂಡ ಹೂವು, ಹಸು, ಹಾಲಿನ ಕ್ರೇಟುಗಳ ಫೋಟೋ ಕಳಿಸತೊಡಗಿದ್ದರು.

ಊರಿಗೆ ವಸಂತ ಬಂತು. ವಸಂತಮ್ಮ ಮಾತ್ರ ಗೇಟಿನಾಚೆ ಬರಲಿಲ್ಲ. ಫಿಸಿಯೋಥೆರಪಿಯ ಭವ್ಯಶ್ರೀ ವಾರಕ್ಕೆರಡು ಸಲ ಬಂದು, ಹೀಗೆ ಕೂತೇ ಇದ್ದರೆ ಮಂಡಿ ಬಿಗಿದುಕೊಳ್ಳುತ್ತದೆಂದು ಹೆದರಿಸಿ, ಕಾಫಿ ಕುಡಿದು ಹೋಗುತ್ತಿದ್ದಳು. ಹರಕೆ ತೀರಲಿ, ಆಮೇಲೆ ನೋಡೋಣ ಎಂಬುದು ಇವರ ಉತ್ತರ. ಮಂಡಿಗಿಂತ ಮೊಂಡುತನ ಗಟ್ಟಿಯಾಗಿತ್ತು.

ಈಗ ನೋಡಿದರೆ ಹರಕೆಯೇ ಗಾಡಿ ಹತ್ತಿ ಹೊರಟಿದೆ. ಹರಕೆಯಲ್ಲಿ ಮೋಸವಾದರೆ ತಾಯಿ ಬಿಟ್ಟಾಳೆಯೇ? ಯಾರ ಹೆಸರಿನ ಹರಕೆಯೋ ಅವರ ಮಂಡಿಯನ್ನೇ ಹಿಡಿಯುತ್ತಾಳೆ. ಹೊಸ ಮಂಡಿ ಕೂತಲ್ಲೇ ಚುಳ್ಳೆಂದಿತು.

ಗಂಡ ಮನೆಗೆ ಬಂದ ಮೇಲೆ ವಸಂತಮ್ಮ ಮೆಲ್ಲಗೆ ಕೆದಕಿದರು. "ಕಾಲು ನೋಯ್ತಿದ್ಯೇನ್ರೀ?"

"ಚೂರೂ ಇಲ್ಲ ಕಣೆ. ಕೂತಲ್ಲೇ ಕೂತಂಗಿದೆ."

ಕೇಳಿದರೆ ಒಪ್ಪುವ ಕಳ್ಳನಲ್ಲ. ಗಾಡಿ ಸಮೇತ ಹಿಡಿಯಬೇಕು.

ಮರುದಿನ ಗ್ರೂಪಿಗೆ ಗುಲಾಬಿ ಬಣ್ಣದ ಹೂಬಿಟ್ಟ ಮರ ಬಂತು. ಮೂಲೆಯಲ್ಲಿ ಹಸಿರು ಟ್ಯಾಂಕು. ಮರ ಪಕ್ಕದ ಕ್ರಾಸಿನದು. ವಸಂತಮ್ಮ ಊರುಗೋಲು ಹಿಡಿದು, ಗೋಡೆ ಸವರಿಕೊಂಡು ಹೋದರು. ಮರವಿತ್ತು, ಗಾಡಿಯಿರಲಿಲ್ಲ. ಅಷ್ಟರಲ್ಲಿ ಫೋನು ಟಿಣ್ ಎಂದಿತು: ಹಾಲಿನ ಬೂತು, ಮುಂದಿನ ಸರ್ಕಲ್ಲು. ಅವತ್ತು ಅಲ್ಲಿಗೇ ಸುಸ್ತು. ಅದರ ಮರುದಿನ ಸರ್ಕಲ್ಲನ್ನೂ ದಾಟಿದರು.

ಗಾಡಿ ತಿರುವಿನಲ್ಲಿ ಬೆನ್ನು ತೋರಿಸುತ್ತಿತ್ತು, ಹತ್ತಿರವಾಗುತ್ತಿದ್ದಂತೆ ಹೊರಟುಬಿಡುತ್ತಿತ್ತು. ವಸಂತಮ್ಮ ಎಮ್ಮೆಯ ಮರೆಯಲ್ಲಿ ನಿಂತರು, ಎಳನೀರಿನ ರಾಶಿಯ ಹಿಂದೆ ಬಗ್ಗಿದರು. ಆಟೋ ಹತ್ತಿದರೆ ಸದ್ದಿಗೆ ಕಳ್ಳರು ಎಚ್ಚೆತ್ತಾರೆಂದು ಹತ್ತಲಿಲ್ಲ. ಹರಕೆಯ ಹನ್ನೆರಡನೇ ದಿನ ಊರುಗೋಲು ಕಾಲಿಗೆ ಅಡ್ಡ ಬರುತ್ತದೆಂದು ಮನೆಯಲ್ಲೇ ಬಿಟ್ಟರು. ವಾಪಸ್ಸಿಗೆ ಮಾತ್ರ ಆಟೋ. ಗಂಡ ಬರುವಷ್ಟರಲ್ಲಿ ಕುರ್ಚಿಯಲ್ಲಿ ಕೂತು, ಮುಖಕ್ಕೆ ಪೇಪರ್ ಅಡ್ಡ ಹಿಡಿದಿರುತ್ತಿದ್ದರು.

"ಪಾಪ, ದಿನವಿಡೀ ಕೂತು ಬೇಜಾರಾಗಲ್ವೇನೆ?" ಎಂದು ಚೆಲುವರಾಜು ಒಮ್ಮೆ ಮರುಗಿದರು.

"ಏನ್ಮಾಡೋದು, ನನ್ನ ಹಣೇಬರ," ಎಂದು ವಸಂತಮ್ಮ ಪೇಪರಿನ ಹಿಂದೆ ಬೆವರು ಒರೆಸಿಕೊಂಡರು.

ಇಪ್ಪತ್ತೊಂದನೇ ಬೆಳಗ್ಗೆ. ಇವತ್ತು ತಪ್ಪಿದರೆ ಮಂಡಿ ಕೈಬಿಟ್ಟಂತೆ. ಫೋಟೋದಿಂದ ಫೋಟೋಗೆ, ತಿರುವಿನಿಂದ ತಿರುವಿಗೆ ದಾಪುಗಾಲು ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಂಜನಗೂಡು ರಸ್ತೆಯನ್ನು ಬಸ್ಸಿಗೇ ಕೈ ಅಡ್ಡ ಹಿಡಿದು ದಾಟಿದರು. ಬೆಟ್ಟದ ಪಾದ. ಮೆಟ್ಟಿಲು ಶುರುವಾಗುವಲ್ಲಿ ಮನೆಗಾಡಿ ನಿಂತಿತ್ತು. ಈ ಸಲ ಹೊರಡಲಿಲ್ಲ.

ವಸಂತಮ್ಮ ಬಾಗಿಲು ಗುದ್ದಿದರು. ತೆರೆದವಳು ಭವ್ಯಶ್ರೀ.

ಅವಳ ಹಿಂದೆ, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಚೆಲುವರಾಜು, ಕೈಯಲ್ಲಿ ಅರ್ಧ ಇಡ್ಲಿ. ಸ್ಟೇರಿಂಗ್ ಹಿಡಿದು ಯೋಗೇಂದ್ರ.

"ಏನೋ ಯೋಗಿ, ಗೋಕರ್ಣ ಯಾವಾಗ ಇಲ್ಲಿಗೆ ಬಂತು?"

ಯೋಗೇಂದ್ರ ಬಾಯಲ್ಲೇ ಒಂದು ಸಣ್ಣ ಅಲೆ ಮಾಡಿದ.

ವಸಂತಮ್ಮ ಗಂಡನ ಕಡೆ ತಿರುಗಿದರು. "ನನ್ನ ಮಂಡಿಗೋಸ್ಕರ ಹೊತ್ತ ಹರಕೇಲೂ ಮೋಸ ಮಾಡ್ಬುಟ್ರಲ್ರೀ. ನಾಕು ಕಿಲೋಮೀಟರ್ ನಡಿಯಕ್ಕಾಗ್ಲಿಲ್ವಾ ನಿಮಗೆ?"

ಭವ್ಯಶ್ರೀ ವಸಂತಮ್ಮನ ಕಾಲನ್ನೇ ನೋಡುತ್ತಾ ನಗು ತಡೆದುಕೊಂಡಳು. ಚೆಲುವರಾಜು ಇಡ್ಲಿ ಕೆಳಗಿಟ್ಟು, ಕಿಟಕಿಯಾಚೆಯ ಬೆಟ್ಟಕ್ಕೆ ಕೈ ಮುಗಿದರು.

"ನಾನು ನಡೀತೀನಿ ಅಂತ ಹರಕೆ ಹೊತ್ತಿರಲಿಲ್ಲ ಕಣೆ. ಇಪ್ಪತ್ತೊಂದು ದಿನದೊಳಗೆ ನಿನ್ನ ಇಲ್ಲೀವರೆಗೂ ನಡೆಸ್ತೀನಿ ಅಂತ ಹೊತ್ತಿದ್ದೆ."