ಜೀಪಿನ ದೊಡ್ಡ ಪಿಸ್ಟನ್

ಕೋಟೆ ರಸ್ತೆಯ ಗ್ಯಾರೇಜಿನ ಮುಂದೆ ಸೀಮೆಎಣ್ಣೆಯ ವಾಸನೆ ಬಂದರೆ ಈಗಲೂ ಭದ್ರಾವತಿಯಲ್ಲಿ ಇಂಜಿನ್ ಕೊರೆಯುವ ಆ ಲೇಥ್ ಅಂಗಡಿ ನೆನಪಾಗುತ್ತದೆ.

ಅಂದು ಶನಿವಾರ. ಶಾಲೆ ಬಿಟ್ಟ ಮೇಲೆ ಅಪ್ಪ ನನ್ನನ್ನೂ ಜೀಪಿನ ಇಂಜಿನ್ ಬ್ಲಾಕನ್ನೂ ಟೆಂಪೊದಲ್ಲಿ ಕೂರಿಸಿಕೊಂಡು ಹೊರಟರು. ಗೆಳೆಯರೊಡನೆ ಗುಡ್ಡ ಹತ್ತಿಸುವಾಗ ಜೀಪು ಮಗುಚಿ ಅಪ್ಪನ ಭುಜ ಮುರಿದಿತ್ತು. ಜೀಪನ್ನು ಮಾರದಿದ್ದರೆ ಹೊಸಮನೆ ಬಡಾವಣೆಯ ತವರಿಗೆ ಹೋಗುತ್ತೇನೆಂದು ಅಮ್ಮ ಹೇಳಿದ್ದಳು. ಸೋಗಾನೆಯವರೊಬ್ಬರು ಕೊಳ್ಳಲು ಒಪ್ಪಿದ್ದರು. ಇದು ಮಾರುವ ಮುಂಚಿನ ರಿಪೇರಿ ಎಂದು ಅಪ್ಪ ಅಮ್ಮನಿಗೆ ತಿಳಿಸಿದ್ದರು.

ಅಪ್ಪ ತಂದಿದ್ದ ದೊಡ್ಡ ಪಿಸ್ಟನ್‌ಗಳನ್ನು ನೋಡಿ ಅಂಗಡಿಯ ಮೇಸ್ತ್ರಿ ನಕ್ಕರು. "ಏನ್ ಮಾರಾಯ್ರೆ, ಜೀಪಿಗೆ ಲಾರಿ ಹೊಟ್ಟೆ ಮಾಡಿಸ್ತೀರಾ? ಸಿಲಿಂಡರ್ ಇಷ್ಟು ಕೊರೆದ್ರೆ ಇಂಜಿನ್ ಸಿಸಿ ಜಾಸ್ತಿ ಆಗುತ್ತೆ, ಆರ್‌ಸಿ ಪುಸ್ತಕದಲ್ಲಿ ಬರೆದಿದ್ದಕ್ಕೆ ತಾಳೆ ಆಗಲ್ಲ. ಆಮೇಲೆ ಇದನ್ನ ಯಾರೂ ತಗೊಳ್ಳಲ್ಲ."

"ತಗೊಳ್ಳೋದು ಬೇಡ. ನೀವು ಕೊರೀರಿ," ಎಂದರು ಅಪ್ಪ.

ಬೂದು ಬಣ್ಣದ ಕಬ್ಬಿಣದ ಪುಡಿ ಮಧ್ಯಾಹ್ನವಿಡೀ ಉದುರಿತು. ಕೊನೆಗೆ ಮೇಸ್ತ್ರಿ ಸೀಮೆಎಣ್ಣೆ ಸುರಿದು ಉಜ್ಜಿ, ಒರೆಸಿ, ಪಿಸ್ಟನ್ನನ್ನು ಸಿಲಿಂಡರಿನ ಬಾಯಲ್ಲಿ ಬಿಟ್ಟರು. ಅದು ತನ್ನ ಭಾರಕ್ಕೇ ನಿಧಾನವಾಗಿ ಕೆಳಗಿಳಿಯಿತು. "ಒಳಗೆ ಮುಟ್ಟಿ ನೋಡು ಪುಟ್ಟಿ," ಎಂದರು ಅಪ್ಪ. ಒಳಗೋಡೆ ನುಣುಪಾಗಿ, ಬೆಚ್ಚಗಿತ್ತು.

ಮನೆಗೆ ಬಂದಾಗ ಅಮ್ಮ, "ಸರಿ ಹೋಯ್ತೇನ್ರಿ?" ಎಂದು ಕೇಳಿದಳು.

"ದೊಡ್ಡ ಪಿಸ್ಟನ್ ಹಾಕಿಸ್ತಿದೀನಿ. ಇನ್ನು ಮಾರಕ್ಕಾಗಲ್ಲ."

ಅಮ್ಮ ಇಬ್ಬರಿಗೂ ಊಟ ಬಡಿಸಿದಳು. ಅಪ್ಪ ಎರಡನೇ ಸಲ ಸಾರು ಹಾಕಿಸಿಕೊಂಡರು.

ಸೋಮವಾರ ನಾನು ಹೊಸಮನೆಯ ಅಜ್ಜಿಯ ಮನೆಯಿಂದ ಶಾಲೆಗೆ ಹೋದೆ.